ಹಸಿ ಕುಡಿಯಲ್ಲಿ ಮಾವಿನ ಕಸಿ: ಯಾವ ಸಸಿಗೆ ಯಾವ ವಿಧಾನ?

ಮುಂಗಾರು ಹತ್ತಿರವಾದಂತೆ ಕಸಿಯ ಪ್ರಶ್ನೆಗಳೂ ಶುರುವಾಗುತ್ತವೆ. ಹಿತ್ತಲಲ್ಲಿ ಹತ್ತಿಪ್ಪತ್ತು ವಾಟೆಗಿಡಗಳು, ಅಂದರೆ ಮಾವಿನ ಗೊರಟಿನಿಂದ ಹುಟ್ಟಿದ ಸಸಿಗಳು, ತಾವಾಗಿ ಮೊಳೆತಿವೆ. ಪಕ್ಕದೂರಲ್ಲಿ ಒಳ್ಳೆಯ ಹಣ್ಣಿನ ಮರವಿದೆ, ಕುಡಿ (ಸಸಿಗೆ ಕೂಡಿಸುವ ತುದಿರೆಂಬೆ) ಕೊಡುವುದಕ್ಕೆ ಮಾಲೀಕರದು ಅಡ್ಡಿಯಿಲ್ಲ. ಆದರೆ ಒಬ್ಬರು ಮೃದುಕಾಂಡ ಕಸಿಯೇ ಸರಿ ಅಂತಾರೆ, ಇನ್ನೊಬ್ಬರು ಓಟೆ (ವಾಟೆ) ಕಸಿ ಬೇಗ ಅಂತಾರೆ, ಹಳಬರು ಸಾಮೀಪ್ಯ ಕಸಿ ಬಿಟ್ಟು ಬೇರೆಯದನ್ನು ನಂಬುವುದಿಲ್ಲ. ಮೂವರೂ ಹೇಳುವುದು ನಿಜವೇ, ಅವರವರ ಸಸಿ, ಅವರವರ ಊರಿನ ಮಳೆಗೆ. ಹಾಗಾಗಿ ಯಾವ ವಿಧಾನ ಶ್ರೇಷ್ಠ ಎಂದು ಕೇಳುವ ಬದಲು ನನ್ನ ಕೈಲಿರುವ ಸಸಿಗೆ ಯಾವುದು ಹೊಂದುತ್ತದೆ ಎಂದು ಕೇಳಬೇಕು. ಇಲ್ಲಿ ಮುಖ್ಯವಾಗಿ ಮಾವನ್ನೇ ಹಿಡಿದು ಹೇಳಿದ್ದೇವೆ. ಹಲಸು, ಗೇರು ಮೊದಲಾದವು ಕೊನೆಯಲ್ಲಿ ಬರುತ್ತವೆ.

ಆರಿಸುವ ಮೊದಲು ನೋಡಬೇಕಾದ್ದು

ಎಲ್ಲಕ್ಕಿಂತ ಮೊದಲು ಬೇರುಸಸಿಯ, ಅಂದರೆ ಕುಡಿ ಕೂರಿಸುವ ಗಿಡದ, ವಯಸ್ಸು ಮತ್ತು ದಪ್ಪ. ಎರಡು ವಾರದ ತಾಮ್ರಬಣ್ಣದ ಮೊಳಕೆ, ಪೆನ್ಸಿಲ್ ದಪ್ಪದ ವರ್ಷದ ಸಸಿ, ಹೆಬ್ಬೆರಳು ದಪ್ಪದ ಗಿಡ, ಹದಿನೈದು ವರ್ಷದ ಮರ: ನಾಲ್ಕಕ್ಕೂ ನಾಲ್ಕು ದಾರಿ.

ಎರಡನೆಯದು ಗಾಳಿಯ ತೇವ. ಕಸಿ ಕಟ್ಟಿದ ಮೇಲೆ ಎರಡು ಮೂರು ವಾರ ಕುಡಿಗೆ ಬೇರಿನ ನೀರು ಸಿಗುವುದಿಲ್ಲ. ಅಷ್ಟು ದಿನ ಅದು ತನ್ನೊಳಗಿನ ತೇವದಲ್ಲೇ ಜೀವ ಹಿಡಿದಿರಬೇಕು. ಹಗಲಿನ ಬಿಸಿ 25ರಿಂದ 32 ಡಿಗ್ರಿ, ಗಾಳಿಯಲ್ಲಿ ತೇವ ಶೇಕಡ 80ರ ಆಸುಪಾಸು ಇದ್ದರೆ ಗಾಯ ಕೂಡಿಕೊಳ್ಳುತ್ತದೆ. 40 ಡಿಗ್ರಿಯ ಒಣಗಾಳಿಯಲ್ಲಿ ಎಂಥ ಪಳಗಿದ ಕೈ ಕಟ್ಟಿದರೂ ಕುಡಿ ಕಡ್ಡಿಯಾಗುತ್ತದೆ. ಕರಾವಳಿ, ಮಲೆನಾಡಿನವರು ಕೃತ್ತಿಕಾ ಮಳೆಯಿಂದಲೇ, ಅಂದರೆ ಮೇ ಎರಡನೇ ವಾರದಿಂದಲೇ ಶುರುಮಾಡಬಹುದು. ಧಾರವಾಡದ ಆಪೂಸಿನ ಸೀಮೆಯವರು ಜೂನ್‌ನಲ್ಲಿ ಜಿಟಿಜಿಟಿ ಹಿಡಿಯುವ ತನಕ ಕಾಯುವುದು ಒಳ್ಳೆಯದು. ಕೋಲಾರ, ಶ್ರೀನಿವಾಸಪುರದ ಕಡೆ ಜುಲೈಯಿಂದ ಸೆಪ್ಟೆಂಬರ್ ಹದವಾದ ಕಾಲ. ಕಲಬುರಗಿ, ರಾಯಚೂರಿನವರು ನೆರಳುಬಲೆಯ ಕೆಳಗೆ ಪ್ಲಾಸ್ಟಿಕ್ ಗುಡಾರ ಮಾಡಿಕೊಳ್ಳದೆ ಮೇ ತಿಂಗಳಲ್ಲಿ ಚಾಕು ಹಿಡಿಯಲೇಬಾರದು.

ಮೂರನೆಯದು ಕುಡಿ ಎಷ್ಟು ಸಿಗುತ್ತದೆ, ಎಷ್ಟು ದೂರದಿಂದ ಬರಬೇಕು ಎನ್ನುವುದು. ಅಂಗಳದ ಮಲ್ಲಿಕಾ ಗಿಡದಿಂದ ಬೇಕೆಂದಾಗ ಕತ್ತರಿಸಬಹುದು. ಅಘನಾಶಿನಿ, ಶರಾವತಿ ದಂಡೆಯ ಅಪ್ಪೆಮಿಡಿ ಮರಗಳದು ಬೇರೆ ಮಾತು: ಎತ್ತರದ ಮರ ಹತ್ತುವವರು ಬೇಕು, ಸಿಗುವುದು ಹತ್ತೋ ಹದಿನೈದೋ ಕುಡಿ, ಒಂದೊಂದಕ್ಕೂ ಬೆಲೆಯಿದೆ.

ನಾಲ್ಕನೆಯದನ್ನು ಬಹಳ ಜನ ಮರೆಯುತ್ತಾರೆ. ಕಸಿ ಹಿಡಿಯದೆ ಹೋದರೆ ನಿಮ್ಮ ಬಳಿ ಏನು ಉಳಿಯುತ್ತದೆ? ಕೆಲವು ವಿಧಾನದಲ್ಲಿ ಸಸಿಯೇ ಹೋಗುತ್ತದೆ, ಕೆಲವದರಲ್ಲಿ ಮುಂದಿನ ತಿಂಗಳು ಮತ್ತೆ ಕಟ್ಟಬಹುದು. ಹೊಸಬರು ಬೇರೆಲ್ಲಕ್ಕಿಂತ ಇದಕ್ಕೆ ಹೆಚ್ಚು ತೂಕ ಕೊಡಬೇಕು.

ಕೊನೆಗೆ ಹಣ, ಸಮಯ. ಚಾಕು, ಟೇಪು, ಕವರು ಇವುಗಳ ಖರ್ಚು ಎಲ್ಲ ವಿಧಾನಕ್ಕೂ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಬೀಳುವುದು ಸಸಿ ಸಾಕುವ ತಿಂಗಳುಗಳಲ್ಲಿ ಮತ್ತು ಆಳುಕೂಲಿಯಲ್ಲಿ.

ಕುಡಿಯ ತಯಾರಿ: ಎಲ್ಲಕ್ಕೂ ಒಂದೇ

ಸೇಬು, ಪಿಯರ್ ಬೆಳೆಯುವ ಚಳಿಸೀಮೆಯಲ್ಲಿ ಮರ ಎಲೆಯುದುರಿಸಿ ಮಲಗಿದಾಗ ಕಡ್ಡಿ ಕತ್ತರಿಸಿ ತಿಂಗಳುಗಟ್ಟಲೆ ತಂಪಿನಲ್ಲಿ ಇಟ್ಟುಕೊಳ್ಳುತ್ತಾರೆ. ಮಾವು ಹಾಗೆ ಮಲಗುವ ಮರವಲ್ಲ. ಅದರ ಕುಡಿಯನ್ನು ಹಸಿಯಾಗಿಯೇ ಕತ್ತರಿಸಿ ಹಸಿಯಾಗಿಯೇ ಕಟ್ಟಬೇಕು. ಹಸಿ ಕುಡಿಯ ದೊಡ್ಡ ಶತ್ರು ಅದರ ಎಲೆ. ಎಲೆ ಇದ್ದಷ್ಟು ಹೊತ್ತು ನೀರು ಆರುತ್ತಲೇ ಇರುತ್ತದೆ.

ಮೂರು ನಾಲ್ಕು ತಿಂಗಳು ಬಲಿತ, ಈ ಸಲ ಹೂ ಬಿಡದ, ಬಿಸಿಲು ಬೀಳುವ ಕಡೆಯ ತುದಿರೆಂಬೆ ಆರಿಸಿ. ಕಸಿಗೆ 7ರಿಂದ 10 ದಿನ ಮೊದಲು, ಮರದಲ್ಲಿರುವಾಗಲೇ, ಅದರ ಎಲೆಗಳನ್ನು ಕತ್ತರಿಸಿ. ತೊಟ್ಟು ಒಂದು ಸೆಂ.ಮೀ.ನಷ್ಟು ಹಾಗೇ ಇರಲಿ. ವಾರ ಕಳೆದ ಮೇಲೆ ಬೆರಳು ತಾಗಿಸಿದರೆ ಆ ತೊಟ್ಟುಗಳು ತಾವಾಗಿ ಉದುರುತ್ತವೆ, ತುದಿಮೊಗ್ಗು ಕಡಲೆಕಾಳಿನ ಮೂತಿಯಂತೆ ಉಬ್ಬಿಕೊಂಡಿರುತ್ತದೆ. ಅದು ಹದ. ಮೊಗ್ಗು ಚಪ್ಪಟೆಯಾಗಿ ಬಿಗಿದುಕೊಂಡಿದ್ದರೆ ಇನ್ನೆರಡು ಮೂರು ದಿನ ಬಿಡಿ. ಒಡೆದು ಹಸಿರು ಕಂಡರೆ ಹದ ಮೀರಿತು, ಆ ಕುಡಿ ಬೇಡ. ಬೆರಳ ನಡುವೆ ಹಿಡಿದು ಬಗ್ಗಿಸಿದಾಗ ಬಳ್ಳಿಯಂತೆ ಬಾಗಿದರೆ ಎಳಸು, ಅದೂ ಬೇಡ.

ಚಾಕು ಹಿಡಿಯುವ ಕೌಶಲಕ್ಕಿಂತ ಈ ಒಂದು ವಾರದ ತಯಾರಿಯೇ ಹೆಚ್ಚು ಕಸಿಗಳನ್ನು ಉಳಿಸುತ್ತದೆ. ಎಲೆ ತೆಗೆಯದೆ ಅದೇ ದಿನ ಕತ್ತರಿಸಿ ಕಟ್ಟಿದವು ಮಲೆನಾಡಿನ ಮಳೆಯಲ್ಲಿ ಅಷ್ಟಿಷ್ಟು ಹಿಡಿದಾವು, ಬಯಲುಸೀಮೆಯಲ್ಲಿ ನೆಚ್ಚುವಂತಿಲ್ಲ.

ಕತ್ತರಿಸುವುದು ಬೆಳಗಿನ ತಂಪಿನಲ್ಲಿ. ದೂರ ಒಯ್ಯುವುದಾದರೆ ಒದ್ದೆ ಬಟ್ಟೆಯಲ್ಲೋ ಹಸಿ ಬಾಳೆಪಟ್ಟೆಯಲ್ಲೋ ಸುತ್ತಿ, ಮೇಲೆ ಪ್ಲಾಸ್ಟಿಕ್ ಚೀಲ ಹಾಕಿ ನೆರಳಲ್ಲಿಡಿ. ಎಲೆ ತೆಗೆದ ಕುಡಿ ಹೀಗೆ ಮೂರು ನಾಲ್ಕು ದಿನ ತಡೆಯುತ್ತದೆ. ನೀರಲ್ಲಿ ಮುಳುಗಿಸಿ ಇಡಬೇಡಿ, ತೊಗಟೆ ಲೋಳೆಯಾಗುತ್ತದೆ. ಕಾರಿನ ಡಿಕ್ಕಿಯಲ್ಲಿ ಮಧ್ಯಾಹ್ನವಿಡೀ ಬಿಟ್ಟ ಕುಡಿ ನೋಡಲು ಹಸಿರಾಗೇ ಇದ್ದರೂ ಒಳಗೆ ಬೆಂದಿರುತ್ತದೆ.

ಓಟೆ ಕಸಿ: ಬೇಗ, ಅಗ್ಗ, ಆದರೆ ಸೋತರೆ ಸಸಿಯೂ ಇಲ್ಲ

ಕೊಂಕಣದ ನರ್ಸರಿಗಳಲ್ಲಿ ಇದೇ ಹೆಚ್ಚು ಬಳಕೆಯಲ್ಲಿದೆ. ಹಣ್ಣು ತಿಂದು ಎಸೆದ ವಾಟೆಯಿಂದ ಎರಡು ತಿಂಗಳೊಳಗೆ ಚಿಗುರಿದ ಕಸಿಗಿಡ ಬರುತ್ತದೆ. ಮಾವಿನ ವಾಟೆಗೆ ನಾಲ್ಕೈದು ವಾರ ಮೀರಿದರೆ ಮೊಳೆಯುವ ಶಕ್ತಿ ಇರುವುದಿಲ್ಲ, ಹಾಗಾಗಿ ತಾಜಾ ವಾಟೆಯೇ ಬೇಕು. ನೀರಿಗೆ ಹಾಕಿ ತೇಲಿದವನ್ನು ಬಿಸಾಡಿ, ಮುಳುಗಿದವನ್ನು ಗೂನುಬೆನ್ನು ಮೇಲೆ ಬರುವಂತೆ ಮರಳುಮಣ್ಣಿನ ಪಾತಿಯಲ್ಲಿ ಊರಿ. ಮೊಳೆತು 8ರಿಂದ 15 ದಿನದೊಳಗೆ, ಎಲೆ ಇನ್ನೂ ತಾಮ್ರಗೆಂಪಾಗಿರುವಾಗ, ವಾಟೆಯ ಸಮೇತ ಕಿತ್ತು ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕದ ನೀರಲ್ಲಿ (ಲೀಟರಿಗೆ 1 ಗ್ರಾಂ) ಐದು ನಿಮಿಷ ಅದ್ದಿ. ವಾಟೆಯಿಂದ 5ರಿಂದ 8 ಸೆಂ.ಮೀ. ಮೇಲೆ ತಲೆ ಕತ್ತರಿಸಿ, ನಡುವೆ 3ರಿಂದ 4 ಸೆಂ.ಮೀ. ಸೀಳಿ, ಬೆಣೆಯಂತೆ ಕೆತ್ತಿದ ಕುಡಿ ಕೂರಿಸಿ ಕಟ್ಟಿ, ಚೀಲಕ್ಕೆ ನೆಡಬೇಕು.

ಸಸಿ ಸಾಕುವ ವರ್ಷದ ಖರ್ಚು ಉಳಿಯುತ್ತದೆ, ಜಾಗವೂ ಉಳಿಯುತ್ತದೆ. ನೂರಾರು ಗಿಡ ಬೇಕಾದವರಿಗೆ ಇದಕ್ಕಿಂತ ಅಗ್ಗದ ದಾರಿಯಿಲ್ಲ. ಆದರೆ ಇಷ್ಟು ಎಳೆಯ ಸಸಿಗೆ ಕೊಳೆರೋಗ ಸುಲಭವಾಗಿ ತಗಲುತ್ತದೆ. ಚೀಲದಲ್ಲಿ ನೀರು ನಿಂತರೆ ಕಸಿಯ ಗಂಟಿನ ಕೆಳಗೆ ಕಪ್ಪಾಗಿ ಬಾಗಿ ಬೀಳುತ್ತದೆ. ಸೋತ ಗಿಡದಲ್ಲಿ ಮತ್ತೆ ಕಟ್ಟಲು ಏನೂ ಉಳಿದಿರುವುದಿಲ್ಲ. ಕುಡಿ ಕೂಡ ಸಪೂರ ಇರಬೇಕು. ದಪ್ಪ ಕುಡಿಯನ್ನು ಮೊಳಕೆಯ ಮೇಲೆ ಕೂರಿಸಿದರೆ ಗಾಳಿಗೆ ವಾಲಿ ಗಾಯ ಬಿಡುತ್ತದೆ. ಕುಡಿ ಧಾರಾಳವಾಗಿ ಇರುವವರಿಗೆ, ನೂರಕ್ಕೆ ಮೂವತ್ತು ನಲವತ್ತು ಹೋದರೂ ಚಿಂತೆಯಿಲ್ಲ ಎನ್ನುವವರಿಗೆ ಇದು ಸರಿ. ಅಪರೂಪದ ಮರದ ಐದು ಕುಡಿ ಕೈಲಿಟ್ಟುಕೊಂಡು ಇದಕ್ಕೆ ಇಳಿಯಬೇಡಿ.

ಮೃದುಕಾಂಡ ಕಸಿ: ಹೆಚ್ಚಿನವರಿಗೆ ಇದೇ

ಎಂಟು ತಿಂಗಳಿಂದ ವರ್ಷದೊಳಗಿನ, ಪೆನ್ಸಿಲ್ ದಪ್ಪದ ಸಸಿ ನಿಮ್ಮಲ್ಲಿದ್ದರೆ ಬೇರೆ ಯೋಚನೆ ಬೇಡ. ಸಸಿಯ ತುದಿಯಲ್ಲಿ ಹೊಸ ಚಿಗುರು ಬಂದು, ಎಲೆ ತಾಮ್ರಬಣ್ಣ ಬಿಟ್ಟು ಹಸಿರಿಗೆ ತಿರುಗುತ್ತಿರುವ ಹೊತ್ತು ಹಿಡಿಯಬೇಕು. ಆ ಮೃದುವಾದ ಭಾಗದಲ್ಲೇ ಕತ್ತರಿಸುವುದರಿಂದ ಹೆಸರು ಹಾಗೆ ಬಂದಿದೆ. ಎಳೆ ಅಂಗಾಂಶ ಬೇಗ ಕೂಡುತ್ತದೆ. ಚಿಗುರಿಲ್ಲದ ಸಸಿಯಾದರೆ ತಲೆ ಚಿವುಟಿ ನೀರು, ಗೊಬ್ಬರ ಕೊಡಿ. ಕೆಲವು ವಾರಗಳಲ್ಲಿ ಹೊಸ ಚಿಗುರು ಬರುತ್ತದೆ, ಅದರಲ್ಲಿ ಗಟ್ಟಿಯಾದ ಒಂದನ್ನು ಉಳಿಸಿಕೊಳ್ಳಿ.

ಕೆತ್ತನೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಕುಡಿ 10ರಿಂದ 12 ಸೆಂ.ಮೀ. ಉದ್ದವಿರಲಿ. ಬುಡದಲ್ಲಿ ಎರಡೂ ಕಡೆ 3ರಿಂದ 4 ಸೆಂ.ಮೀ. ಓರೆಯಾಗಿ ಇಳಿಸಿ ಬೆಣೆ ಮಾಡಬೇಕು. ಚಾಕುವನ್ನು ಹಿಂದೆ ಮುಂದೆ ಆಡಿಸಿ ಕೆತ್ತಿದರೆ ಮೈ ಅಲೆಅಲೆಯಾಗುತ್ತದೆ. ಒಂದೇ ಎಳೆತಕ್ಕೆ ಇಳಿದ ಗಾಯ ಮಾತ್ರ ನುಣುಪಾಗಿ ಹೊಳೆಯುತ್ತದೆ. ಸಸಿಯ ಸೀಳಿಗೆ ಕುಡಿ ಕೂರಿಸಿ, ಬೆಳಕಿಗೆ ಎತ್ತಿ ಹಿಡಿದು ಬದಿಯಿಂದ ನೋಡಿ. ನಡುವೆ ಬೆಳಕು ನುಸುಳಿದರೆ ಆ ಕಸಿ ಹಿಡಿಯುವುದಿಲ್ಲ, ಮತ್ತೆ ಕೆತ್ತಬೇಕು. ಕೂಡಬೇಕಾದ್ದು ತೊಗಟೆಯ ಅಡಿಯಲ್ಲೇ ಇರುವ ತೆಳ್ಳನೆಯ ಹಸಿರು ಪದರ, ನಡುವಿನ ತಿರುಳಲ್ಲ. ಆದ್ದರಿಂದ ಕುಡಿ ಸಪೂರವಾಗಿದ್ದರೆ ನಡುವೆ ಇಡದೆ ಒಂದು ಅಂಚಿಗೆ ಸರಿಸಿ, ಆ ಕಡೆಯ ತೊಗಟೆಗೆ ತೊಗಟೆ ಸೇರಿಸಿ. ಒಂದು ಬದಿ ಕೂಡಿದರೂ ಗಿಡ ಬದುಕುತ್ತದೆ. ಮಾವಿನ ಗಾಯ ಗಾಳಿಗೆ ನೋಡನೋಡುತ್ತಲೇ ಕಪ್ಪಾಗುತ್ತದೆ, ಹಾಗಾಗಿ ಸಸಿ ಸೀಳಿ ಇಟ್ಟುಕೊಂಡು ಆಮೇಲೆ ಕುಡಿ ಹುಡುಕುವುದು ತಪ್ಪು. ಕೆತ್ತುವುದರಿಂದ ಕಟ್ಟುವ ತನಕ ಒಂದು ನಿಮಿಷಕ್ಕಿಂತ ಹೆಚ್ಚು ಹಿಡಿಯಬಾರದು.

ಒಂದೂವರೆ ಎರಡು ಸೆಂ.ಮೀ. ಅಗಲದ ತೆಳು ಪ್ಲಾಸ್ಟಿಕ್ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ, ಒಂದರ ಮೇಲೊಂದು ಅರ್ಧ ಏರುವಂತೆ, ಎಳೆದು ಬಿಗಿಯಾಗಿ ಸುತ್ತಿ. ಮೇಲಿನಿಂದ ಕೆಳಕ್ಕೆ ಸುತ್ತಿದರೆ ಮಡಿಕೆಗಳಲ್ಲಿ ಮಳೆನೀರು ಇಳಿದು ಗಾಯ ಕೊಳೆಯುತ್ತದೆ. ಕೊನೆಗೆ ಕುಡಿಯ ಮೇಲೆ ಐಸ್‌ಕ್ಯಾಂಡಿ ಕವರನ್ನು ಟೋಪಿಯಂತೆ ಹಾಕಿ, ಒಳಕ್ಕೆ ಎರಡು ಹನಿ ನೀರು ಚಿಮುಕಿಸಿ, ಕೆಳಗೆ ಕಟ್ಟಿ. ಇದು ಪುಟ್ಟದೊಂದು ಮಂಜಿನ ಮನೆ. ಆದರೆ ನೇರ ಬಿಸಿಲು ಬಿದ್ದರೆ ಅದೇ ಕವರು ಕುಡಿಯನ್ನು ಬೇಯಿಸುತ್ತದೆ. ಅರ್ಧ ನೆರಳು ಕೊಡುವ ನೆರಳುಬಲೆ ಅಥವಾ ಅಡಿಕೆಮರದ ನೆರಳು ಇರಲೇಬೇಕು.

ಹದಿನೈದರಿಂದ ಇಪ್ಪತ್ತೊಂದು ದಿನಕ್ಕೆ ಮೊಗ್ಗು ಒಡೆಯುತ್ತದೆ. ಇಲ್ಲೊಂದು ಮೋಸವಿದೆ. ಕೆಲವು ಕುಡಿ ಹತ್ತೇ ದಿನಕ್ಕೆ ಚಿಗುರುತ್ತದೆ, ನೋಡಿ ಖುಷಿಪಡುವಷ್ಟರಲ್ಲಿ ಬಾಡುತ್ತದೆ. ಅದು ಗಾಯ ಕೂಡಿ ಬಂದ ಚಿಗುರಲ್ಲ, ಕುಡಿಯೊಳಗೆ ಉಳಿದಿದ್ದ ಸತ್ವದಲ್ಲೇ ಬಂದದ್ದು. ಆದ್ದರಿಂದ ಮೊದಲ ಚಿಗುರು ಕಂಡ ಕೂಡಲೇ ಕವರು ಕೀಳಬೇಡಿ. ಎಲೆ ಬಿಚ್ಚಿಕೊಳ್ಳಲು ಶುರುವಾದ ಮೇಲೆ, ಸಂಜೆ ಹೊತ್ತು, ಮೊದಲು ಕವರಿನ ತುದಿ ಕತ್ತರಿಸಿ, ಎರಡು ದಿನ ಬಿಟ್ಟು ಪೂರ್ತಿ ತೆಗೆಯಿರಿ.

ಸೋತರೆ? ಸಸಿ ಬದುಕಿರುತ್ತದೆ. ಗಾಯದ ಕೆಳಗಿನಿಂದ ಹೊಸ ಚಿಗುರು ಬರುತ್ತದೆ, ಅದೇ ಮಳೆಗಾಲದಲ್ಲಿ ಇನ್ನೊಮ್ಮೆ ಕಟ್ಟಬಹುದು. ಓಟೆ ಕಸಿಗಿಂತ ಒಂದು ವರ್ಷ ಹೆಚ್ಚು ಕಾಯಬೇಕು ಎನ್ನುವುದೊಂದೇ ಕೊರತೆ, ವಾಟೆಗಿಡ ಈಗಾಗಲೇ ಹಿತ್ತಲಲ್ಲಿ ಇರುವವರಿಗೆ ಅದೂ ಇಲ್ಲ.

ಇದನ್ನೇ ತೋಟದಲ್ಲಿ ನೇರವಾಗಿ ಮಾಡುವ ದಾರಿಯೂ ಇದೆ. ಗುಂಡಿಯಲ್ಲೇ ಎರಡು ಮೂರು ವಾಟೆ ಊರಿ, ಗಟ್ಟಿಯಾದ ಒಂದನ್ನು ಉಳಿಸಿ, ಮುಂದಿನ ಮಳೆಗಾಲದಲ್ಲಿ ಅಲ್ಲೇ ಕಸಿ ಕಟ್ಟುವುದು. ಚೀಲದಲ್ಲಿ ಬೆಳೆದ ಸಸಿಯ ತಾಯಿಬೇರು ತಳ ಮುಟ್ಟಿ ಸುತ್ತಿಕೊಳ್ಳುತ್ತದೆ. ಗುಂಡಿಯಲ್ಲೇ ಹುಟ್ಟಿದ ಗಿಡದ ಬೇರು ನೆಟ್ಟಗೆ ಆಳಕ್ಕೆ ಇಳಿಯುವುದರಿಂದ ಬರಗಾಲ ತಡೆಯುತ್ತದೆ. ನೀರಾವರಿ ಇಲ್ಲದ ಬಯಲುಸೀಮೆಯ ತೋಟಕ್ಕೆ ನಮ್ಮ ಮತ ಇದಕ್ಕೇ. ಬದಲಿಗೆ ಒಪ್ಪಿಕೊಳ್ಳಬೇಕಾದ ಕಷ್ಟಗಳೂ ಇವೆ: ಗಿಡಗಿಡಕ್ಕೂ ಮುಳ್ಳುಬೇಲಿ, ಬಿಸಿಲಿಗೆ ತೆಂಗಿನಗರಿಯ ಮರೆ, ಕಟ್ಟುವವರು ಹೊಲದುದ್ದಕ್ಕೂ ಬಗ್ಗಿ ಕೂತು ಕೆಲಸ ಮಾಡಬೇಕು, ಸೋತ ಗಿಡಗಳಿಗೆ ಮತ್ತೆ ಕರೆಸಬೇಕು. ನೆರಳಿನ ಕೆಳಗೆ ಸಾಲಾಗಿ ಇಟ್ಟ ಚೀಲಗಳಲ್ಲಿ ಪಳಗಿದವರು ದಿನಕ್ಕೆ ನೂರಕ್ಕೂ ಹೆಚ್ಚು ಕಟ್ಟುತ್ತಾರೆ. ಹೊಲದಲ್ಲಿ ಅಷ್ಟಾಗುವುದಿಲ್ಲ, ಕೂಲಿ ಲೆಕ್ಕ ಹಾಕುವಾಗ ಇದು ನೆನಪಿರಲಿ.

ವೆನೀರ್ ಕಸಿ: ದಪ್ಪ ಸಸಿಗೆ, ಕುಡಿ ಕಡಿಮೆ ಇದ್ದವರಿಗೆ

ಸಸಿ ಹದ ಮೀರಿ ಹೆಬ್ಬೆರಳು ದಪ್ಪ ಆಗಿಬಿಟ್ಟಿದೆಯೇ? ತಲೆ ಕತ್ತರಿಸದೆಯೇ ಪಕ್ಕದಲ್ಲಿ ಕುಡಿ ಕೂರಿಸಬಹುದು. ನೆಲದಿಂದ ಸುಮಾರು 20 ಸೆಂ.ಮೀ. ಎತ್ತರದಲ್ಲಿ ನುಣುಪಾದ ಜಾಗ ನೋಡಿ, ಕೆಳಮುಖವಾಗಿ ಸ್ವಲ್ಪ ಒಳಕ್ಕೆ 3ರಿಂದ 4 ಸೆಂ.ಮೀ. ಸೀಳಿ, ಬುಡದಲ್ಲಿ ಅಡ್ಡಕ್ಕೆ ಕಚ್ಚು ಹಾಕಿ ಆ ಚಕ್ಕೆಯನ್ನು ತೆಗೆಯಿರಿ. ಕುಡಿಯ ಒಂದು ಕಡೆ ಅಷ್ಟೇ ಉದ್ದದ ಓರೆ, ಹಿಂಬದಿಯಲ್ಲಿ ಚಿಕ್ಕದೊಂದು ಓರೆ ಮಾಡಿ ಅಲ್ಲಿ ಕೂರಿಸಿ ಕಟ್ಟಿ. ಸಸಿಯ ತಲೆ ಹಾಗೇ ಇರುವುದರಿಂದ ಬೇರು ಸೊರಗುವುದಿಲ್ಲ, ಸೋತರೆ ಎದುರು ಬದಿಯಲ್ಲಿ ಮತ್ತೆ ಕಟ್ಟಬಹುದು. ಕುಡಿ ಚಿಗುರಿದ ಮೇಲೆ ತಲೆಯನ್ನು ಎರಡು ಮೂರು ಸಲಕ್ಕೆ ಇಳಿಸುತ್ತಾ ಬನ್ನಿ. ಇದನ್ನೇ ಮರೆತು ತಲೆ ಬಿಟ್ಟವರ ಗಿಡದಲ್ಲಿ ಕುಡಿ ಗೇಣುದ್ದಕ್ಕೇ ನಿಂತುಬಿಡುತ್ತದೆ, ಸಸಿ ತನ್ನ ತಲೆಗೇ ಉಣಿಸುತ್ತದೆ. ಕೆತ್ತನೆ ಮೃದುಕಾಂಡಕ್ಕಿಂತ ಒಂದಿಷ್ಟು ಕಷ್ಟ, ಹತ್ತು ಬೇಡದ ಕಡ್ಡಿಗಳ ಮೇಲೆ ಕೈ ಪಳಗಿಸಿಕೊಳ್ಳಿ. ಅಪ್ಪೆಮಿಡಿಯಂಥ ಅಪರೂಪದ ಕುಡಿಯನ್ನು ಹಿತ್ತಲ ಕಾಟುಮಾವಿನ ಗಿಡಕ್ಕೆ ಕೂಡಿಸುವವರು ಎರಡು ವಿಧಾನಕ್ಕೂ ಪಾಲು ಹಂಚಿದರೆ ಒಳ್ಳೆಯದು: ಸಪೂರ ಸಸಿಗೆ ಮೃದುಕಾಂಡ, ದಪ್ಪದಕ್ಕೆ ವೆನೀರ್.

ಸಾಮೀಪ್ಯ ಕಸಿ

ಎಲ್ಲಕ್ಕಿಂತ ಭದ್ರ, ಎಲ್ಲಕ್ಕಿಂತ ನಿಧಾನ. ಕುಡಿ ತಾಯಿಮರದಿಂದ ಬೇರೆಯಾಗದೆಯೇ ಸಸಿಯ ಜೊತೆ ಕೂಡುವುದರಿಂದ ಒಣಗುವ ಭಯವಿಲ್ಲ. ಎರಡರಲ್ಲೂ 5 ಸೆಂ.ಮೀ. ಉದ್ದದ ತೊಗಟೆ, ಸ್ವಲ್ಪ ಕಟ್ಟಿಗೆ ಹೆರೆದು, ಗಾಯಕ್ಕೆ ಗಾಯ ಸೇರಿಸಿ ಕಟ್ಟುತ್ತಾರೆ. ಎರಡು ತಿಂಗಳಾದ ಮೇಲೆ ಕುಡಿಯನ್ನು ಕಸಿಯ ಕೆಳಗೆ, ಸಸಿಯನ್ನು ಕಸಿಯ ಮೇಲೆ, ವಾರಕ್ಕೊಮ್ಮೆ ಸ್ವಲ್ಪಸ್ವಲ್ಪ ಕಚ್ಚು ಹಾಕುತ್ತಾ ಬಿಡಿಸಬೇಕು. ಒಂದೇ ಏಟಿಗೆ ಕತ್ತರಿಸಿದರೆ ಬಾಡುತ್ತದೆ. ಅಷ್ಟೂ ದಿನ ಚೀಲದ ಸಸಿ ಮರದ ಬಳಿಯೇ ಇರಬೇಕು, ರೆಂಬೆ ಮೇಲಿದ್ದರೆ ಅಟ್ಟಣಿಗೆ ಕಟ್ಟಬೇಕು, ದಿನಾ ನೀರು ಹನಿಸಬೇಕು. ಮನೆಮುಂದಿನ ಗಿಡ್ಡ ಮರದಿಂದ ನಾಲ್ಕೈದು ಗಿಡ ಸಾಕು ಎನ್ನುವವರಿಗೆ, ಚಾಕುವಿನ ಅಭ್ಯಾಸವೇ ಇಲ್ಲದವರಿಗೆ, ಮೇ ತಿಂಗಳ ಒಣಹವೆಯಲ್ಲೇ ಮಾಡಲೇಬೇಕಾದವರಿಗೆ ಇದು. ಎತ್ತರದ ಮರ, ದೂರದ ಮರ ಆದರೆ ಈ ಮಾತೇ ಬೇಡ.

ಮರವೇ ಇದೆ, ಹಣ್ಣು ಚೆನ್ನಾಗಿಲ್ಲ ಎನ್ನುವವರಿಗೆ

ಮರ ಕಡಿದು ಹೊಸ ಸಸಿ ನೆಡುವುದಕ್ಕಿಂತ ತಳಿ ಬದಲಿಸುವುದೇ ಲಾಭ; ಆಳಕ್ಕಿಳಿದ ಬೇರು ಆಗಲೇ ಇದೆ. ಬೇಸಿಗೆಗೆ ಮುಂಚೆ ಕೊಂಬೆಗಳನ್ನು ಒಂದು ಒಂದೂವರೆ ಮೀಟರ್ ಬಿಟ್ಟು ಗರಗಸದಿಂದ ಕತ್ತರಿಸಿ, ಗಾಯಕ್ಕೆ ಬೋರ್ಡೊ ಮುಲಾಮು ಹಚ್ಚಿ. ಮೈಲುತುತ್ತ ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ಹತ್ತು ಲೀಟರ್. ಕಾಂಡಕ್ಕೆ ಸುಣ್ಣ ಬಳಿಯದಿದ್ದರೆ ಬಿಸಿಲಿಗೆ ತೊಗಟೆ ಸೀಳಿ ಕಾಂಡಕೊರಕ ಸೇರುತ್ತದೆ. ನೂರಾರು ಚಿಗುರು ಬರುತ್ತವೆ. ಕೊಂಬೆಗೆ ಮೂರು ನಾಲ್ಕು ಬಿಟ್ಟು ಉಳಿದವನ್ನು ಚಿವುಟಿ, ಪೆನ್ಸಿಲ್ ದಪ್ಪ ಆದಾಗ ಮಳೆಗಾಲದಲ್ಲಿ ಮೃದುಕಾಂಡ ಕಸಿಯನ್ನೇ ಕಟ್ಟಿ. ಎಲ್ಲ ಕೊಂಬೆ ಒಂದೇ ವರ್ಷ ಕಡಿಯದೆ ಒಂದನ್ನು ಎಲೆ ಸಮೇತ ಉಳಿಸಿದರೆ ಮರ ಸೊರಗುವುದಿಲ್ಲ. ಒಂದೇ ಮರಕ್ಕೆ ಬಾದಾಮಿ, ಮಲ್ಗೋವಾ, ಮಲ್ಲಿಕಾ ಮೂರನ್ನೂ ಕೂಡಿಸಬಹುದು, ಆದರೆ ಜೋರಾಗಿ ಬೆಳೆಯುವ ತಳಿ ಉಳಿದವನ್ನು ಮುಚ್ಚಿಬಿಡುವುದರಿಂದ ಪ್ರತಿವರ್ಷ ಸವರಬೇಕು.

ಮಾವಲ್ಲದೆ ಬೇರೆಯದಾದರೆ

ಹಲಸಿಗೂ ಮೃದುಕಾಂಡ ಕಸಿಯೇ. ಬೀಜ ತಿಂಗಳೊಳಗೆ ಊರಬೇಕು, ತಾಯಿಬೇರು ಮುರಿಯದಂತೆ ಉದ್ದನೆಯ ಚೀಲ ಬೇಕು. ಕತ್ತರಿಸಿದಾಗ ಸುರಿಯುವ ಹಾಲು ಗಾಯಗಳ ನಡುವೆ ಅಂಟಾಗಿ ನಿಂತರೆ ಕೂಡುವುದಿಲ್ಲ, ಹಾಗಾಗಿ ಹರಿಯುವಷ್ಟು ಬಿಟ್ಟು ಒದ್ದೆ ಬಟ್ಟೆಯಲ್ಲಿ ಒರೆಸಿ, ಚಾಕುವನ್ನೂ ಒರೆಸಿ ಕಟ್ಟಿ. ಗೇರಿಗೆ ನಲವತ್ತರಿಂದ ಅರವತ್ತು ದಿನದ ಸಸಿಯೇ ಸಾಕು. ನೆಲ್ಲಿಗೆ, ಬೋರೆಗೆ ಕುಡಿಕಸಿಗಿಂತ ಕಣ್ಣುಕಸಿ (ಇಡೀ ಕುಡಿಯ ಬದಲು ಒಂದೇ ಮೊಗ್ಗನ್ನು ಕೂಡಿಸುವುದು) ಮೇಲು: ಒಂದು ಕಡ್ಡಿಯಲ್ಲಿ ಆರೇಳು ಗಿಡ ಆಗುತ್ತದೆ, ಸೋತರೆ ಸಸಿಗೆ ಗಾಯವೂ ಸಣ್ಣದು.

ಎರಡೋ ಮೂರೋ ಗಿಡ ಮಾತ್ರ ಬೇಕು, ತಳಿಯೂ ಸಾಮಾನ್ಯವಾದದ್ದು ಎಂದಾದರೆ ಕಸಿ ಕಲಿಯುವ ಗೋಜಿಗೆ ಹೋಗದೆ ತೋಟಗಾರಿಕೆ ಇಲಾಖೆಯ ಫಾರಂ ಅಥವಾ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಿಂದ ತನ್ನಿ. ಕೊಳ್ಳುವಾಗ ಕಸಿಯ ಗಂಟನ್ನು ಬೆರಳಲ್ಲಿ ಸವರಿ ನೋಡಿ. ಪಟ್ಟಿ ತೊಗಟೆಯೊಳಗೆ ಹೂತುಹೋಗಿದ್ದರೆ, ಗಂಟಿನ ಮೇಲೆ ದಪ್ಪ ಕೆಳಗೆ ಸಪೂರ ಇದ್ದರೆ ಬಿಟ್ಟುಬಿಡಿ. ಅಜ್ಜಿಮನೆಯ ಮರ, ಊರಿನ ಹೆಸರಿಲ್ಲದ ಸಿಹಿಮಾವು ಇವು ಯಾವ ನರ್ಸರಿಯಲ್ಲೂ ಸಿಗುವುದಿಲ್ಲ. ಅವಕ್ಕೆ ನೀವೇ ಚಾಕು ಹಿಡಿಯಬೇಕು, ಅದೂ ಆ ಮರ ಬೀಳುವ ಮೊದಲು.

ನೀವೇ ಕಟ್ಟಿದ ಗಿಡದಲ್ಲೂ ಆ ಪಟ್ಟಿಯ ಮೇಲೆ ಕಣ್ಣಿರಲಿ. ಎರಡರಿಂದ ಮೂರು ತಿಂಗಳಿಗೆ, ಕುಡಿಯಲ್ಲಿ ಎರಡನೇ ಸಲದ ಚಿಗುರು ಬಲಿತ ಮೇಲೆ, ಗಂಟಿನ ಹಿಂಬದಿಯಲ್ಲಿ ಬ್ಲೇಡಿನಿಂದ ಉದ್ದಕ್ಕೆ ಒಂದು ಗೀರು ಎಳೆಯಿರಿ. ಸುತ್ತು ಬಿಚ್ಚುವ ಅಗತ್ಯವಿಲ್ಲ, ಗಿಡ ದಪ್ಪವಾದಂತೆ ಅದೇ ಬಿಟ್ಟುಕೊಳ್ಳುತ್ತದೆ. ಗಂಟಿನ ಕೆಳಗೆ ಬರುವ ಕಳ್ಳಚಿಗುರನ್ನು ವಾರವಾರವೂ ಚಿವುಟಿ, ಗಂಟು ಯಾವತ್ತೂ ಮಣ್ಣಿನಿಂದ ಒಂದು ಗೇಣು ಮೇಲಿರುವಂತೆ ನೆಡಿ.